ಎಣಿಕೆಗೆ ಸಿಗದ ಅಜ್ಜಿ, ಆಕೆಯ ಕೈಗೆ ಸಿಗುವ ಕೊಲೆಗಾರ

ಅಗಾಥಾ ಕ್ರಿಸ್ಟಿ ಸೃಷ್ಟಿಸಿದ ಮಿಸ್ ಮಾರ್ಪಲ್ ಮೊದಲ ಬಾರಿಗೆ ಓದುಗರ ಮುಂದೆ ಬಂದದ್ದು 1927ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡಿನ ಮಾಸಪತ್ರಿಕೆಯೊಂದರ ಸಣ್ಣಕಥೆಯಲ್ಲಿ. ಆಕೆಯ ಮನೆಯಲ್ಲಿ ಕಲೆತ ಅತಿಥಿಗಳು ಬಗೆಹರಿಯದ ಪ್ರಕರಣಗಳನ್ನು ಒಬ್ಬೊಬ್ಬರಾಗಿ ಹೇಳುವ ಆಟ ಹೂಡುತ್ತಾರೆ. ತಲೆ ಎಣಿಸಿದರೆ ಐದೇ ಮಂದಿ. ದೊಡ್ಡ ಕುರ್ಚಿಯಲ್ಲಿ ಹೆಣಿಗೆ ಹಾಕುತ್ತ ಕುಳಿತ ಮನೆಯೊಡತಿಯನ್ನೇ ಎಣಿಸಲು ಅವರು ಮರೆತಿರುತ್ತಾರೆ. ಕೊನೆಗೆ ಒಗಟು ಬಿಡಿಸುವವಳು ಆಕೆಯೇ.

ಇಂಗ್ಲಿಷರು ‘ಕೋಝಿ ಮಿಸ್ಟರಿ’ ಎಂದು ಕರೆಯುವ ಪತ್ತೇದಾರಿ ಕಾದಂಬರಿಗಳ ಮರ್ಮವೆಲ್ಲ ಈ ಒಂದು ಮರೆವಿನಲ್ಲಿ ಅಡಗಿದೆ. ಕೋಝಿ ಎಂದರೆ ಬೆಚ್ಚಗಿನದು, ಹಿತವಾದದ್ದು. ಕೊಲೆಯ ಕಥೆಗೆ ಈ ವಿಶೇಷಣ ವಿಚಿತ್ರವೆನಿಸಿದರೂ ಈ ಪ್ರಕಾರದ ಕಟ್ಟುಪಾಡುಗಳನ್ನು ನೋಡಿದರೆ ಅದು ಒಪ್ಪುತ್ತದೆ. ಕೊಲೆ ತೆರೆಯ ಹಿಂದೆ ನಡೆಯುತ್ತದೆ, ರಕ್ತಪಾತದ ವರ್ಣನೆಯಿಲ್ಲ. ಸತ್ತವನು ಬಹುಮಟ್ಟಿಗೆ ಯಾರಿಗೂ ಬೇಡವಾದವನು, ಹಾಗಾಗಿ ಊರಿನ ಅರ್ಧ ಜನರ ಮೇಲೆ ಶಂಕೆ. ಕೊಲೆಗಾರ ಹೊರಗಿನಿಂದ ಬಂದ ದರೋಡೆಕೋರನಲ್ಲ, ನಿನ್ನೆ ಜೊತೆಯಲ್ಲಿ ಚಹಾ ಕುಡಿದವನು. ಇನ್ನು ತನಿಖೆ ನಡೆಸುವವರಿಗೆ ಅಧಿಕಾರವಾಗಲಿ, ಬಂದೂಕಾಗಲಿ ಇರುವುದಿಲ್ಲ.

ಎನ್. ನರಸಿಂಹಯ್ಯ ಅವರ ಸಾಹಸಿ ಪತ್ತೇದಾರರೊಡನೆ ಬೆಳೆದ ಕನ್ನಡ ಓದುಗರಿಗೆ ಇದು ಸಪ್ಪೆಯಾಗಿ ತೋರಬಹುದು. ಆದರೆ ಅಧಿಕಾರವಿಲ್ಲದಿರುವುದೇ ಇಲ್ಲಿನ ಆಯುಧ. ಸೇಂಟ್ ಮೇರಿ ಮೀಡ್ ಎಂಬ ಕಲ್ಪಿತ ಹಳ್ಳಿಯ ಮಿಸ್ ಮಾರ್ಪಲ್ ಕಳೆ ಕೀಳುತ್ತಲೋ, ದುರ್ಬೀನು ಹಿಡಿದು ಹಕ್ಕಿ ನೋಡುತ್ತಲೋ ಬೀದಿಯಲ್ಲಿ ಯಾರು ಯಾವ ಹೊತ್ತಿಗೆ ಹಾದುಹೋದರೆಂದು ಗಮನಿಸುತ್ತಾಳೆ. ಅವಿವಾಹಿತ ವೃದ್ಧೆಯ ಮುಂದೆ ಯಾರೂ ಮಾತು ತಗ್ಗಿಸುವುದಿಲ್ಲ. ಆಕೆಯ ತರ್ಕವೂ ಊರಿನದೇ: ಇಂಥ ನಗುವಿನ ಹುಡುಗನೊಬ್ಬ ಹಿಂದೆ ಅಂಗಡಿಯ ಲೆಕ್ಕದಲ್ಲಿ ಮೋಸ ಮಾಡಿದ್ದ, ಇವನೂ ಅದೇ ಜಾತಿಯವನು ಎಂಬಂತೆ. ಮನುಷ್ಯ ಸ್ವಭಾವ ಎಲ್ಲೆಡೆಯೂ ಒಂದೇ ಎಂಬುದು ಆಕೆಯ ನಂಬಿಕೆ.

ಈ ಪಾತ್ರದ ಹುಟ್ಟಿನ ಹಿಂದೆ ಒಂದು ಅಸಮಾಧಾನವೂ ಇದೆ. 1926ರಲ್ಲಿ ಬಂದ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಕಾದಂಬರಿಯಲ್ಲಿ ವೈದ್ಯನ ಅಕ್ಕ ಕ್ಯಾರೋಲಿನ್ ಮನೆಯಿಂದ ಹೊರಬೀಳದೆಯೇ ಊರ ಸುದ್ದಿಯನ್ನೆಲ್ಲ ಕಲೆಹಾಕುತ್ತಾಳೆ. ಕ್ರಿಸ್ಟಿಗೆ ಅವಳು ಅಚ್ಚುಮೆಚ್ಚು. ಆದರೆ 1928ರಲ್ಲಿ ‘ಅಲಿಬೈ’ ಎಂಬ ಹೆಸರಿನಲ್ಲಿ ಕಥೆ ರಂಗಕ್ಕೆ ಬಂದಾಗ ಪ್ರೌಢೆಯ ಜಾಗಕ್ಕೆ ಚೆಲುವೆ ತರುಣಿಯೊಬ್ಬಳನ್ನು ತರಲಾಯಿತು. ಇದು ತಮಗೆ ಬಹಳ ಬೇಸರ ತಂದಿತೆಂದೂ, ಮಾರ್ಪಲ್ ಪಾತ್ರಕ್ಕೆ ಆ ಕ್ಯಾರೋಲಿನ್‌ಳಿಂದಲೇ ಪ್ರೇರಣೆ ದೊರೆತಿರಬಹುದೆಂದೂ ಲೇಖಕಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಯಾರ ಬಗ್ಗೆಯೂ ಕೆಟ್ಟದ್ದನ್ನೇ ನಿರೀಕ್ಷಿಸುತ್ತಿದ್ದ, ಹೆಚ್ಚಾಗಿ ಅದು ನಿಜವೂ ಆಗುತ್ತಿದ್ದ ಅವರ ಅಜ್ಜಿಯ ಗುಣವೂ ಮಾರ್ಪಲ್‌ಗೆ ಬಂದಿದೆ. ಆಕೆಯ ಮೊದಲ ಕಾದಂಬರಿ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಪ್ರಕಟವಾದದ್ದು 1930ರಲ್ಲಿ. ಮೊದಲ ಮಹಾಯುದ್ಧದ ನಂತರ, 1921ರ ಜನಗಣತಿಯ ವೇಳೆಗೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪುರುಷರಿಗಿಂತ ಮಹಿಳೆಯರು 17 ಲಕ್ಷದಷ್ಟು ಹೆಚ್ಚಿದ್ದರು. ಪತ್ರಿಕೆಗಳು ಮದುವೆಯಾಗದವರನ್ನು ‘ಹೆಚ್ಚುವರಿ ಹೆಂಗಸರು’ ಎಂದೇ ಕರೆಯುತ್ತಿದ್ದವು. ಅಂಥ ಕಾಲದಲ್ಲಿ ಎಣಿಕೆಗೆ ಬಾರದವಳನ್ನೇ ನಾಯಕಿ ಮಾಡಿದ್ದು ಸಣ್ಣ ಮಾತಲ್ಲ.

ಓದುಗನಿಗೆ ಮೋಸವಾಗಬಾರದೆಂಬುದು ಆ ಕಾಲದ ಪತ್ತೇದಾರಿ ಕಥೆಗಳ ಇನ್ನೊಂದು ಮುಖ್ಯ ಕರಾರು. ಸುಳಿವುಗಳೆಲ್ಲ ಅವನ ಕಣ್ಣೆದುರೇ ಇರಬೇಕು. ಪಾದ್ರಿಯೂ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಇದಕ್ಕಾಗಿ ಹತ್ತು ನಿಯಮಗಳನ್ನು ಬರೆದರು. 1930ರಲ್ಲಿ ಲಂಡನ್ನಿನಲ್ಲಿ ಆರಂಭವಾದ ‘ಡಿಟೆಕ್ಷನ್ ಕ್ಲಬ್’ ಸೇರುವ ಲೇಖಕರು ದೈವವಾಣಿ, ಕಾಕತಾಳೀಯ, ಸ್ತ್ರೀಸಹಜ ಒಳದನಿ ಇವುಗಳ ನೆರವು ಪಡೆಯುವುದಿಲ್ಲವೆಂದು ಪ್ರತಿಜ್ಞೆ ಮಾಡಬೇಕಿತ್ತು. ಕ್ರಿಸ್ಟಿಯೂ ಇದರ ಸದಸ್ಯೆ. ಮಾರ್ಪಲ್ ಈ ಪ್ರತಿಜ್ಞೆಯನ್ನು ಮುರಿದವಳಲ್ಲ. ಇತರರು ಒಳದನಿಯೆಂದು ಭಾವಿಸಿದ್ದು ಅವಳ ಪಾಲಿಗೆ ಅನುಭವದ ಲೆಕ್ಕವಷ್ಟೇ.

ಟೀಕೆಗಳೂ ಇಲ್ಲದಿಲ್ಲ. ಅಮೆರಿಕದ ರೇಮಂಡ್ ಚಾಂಡ್ಲರ್ 1944ರ ಪ್ರಬಂಧವೊಂದರಲ್ಲಿ ಈ ಬಗೆಯ ಇಂಗ್ಲಿಷ್ ಕಥೆಗಳನ್ನು ಕೃತಕವೆಂದು ಜರೆದರು. ಒಂದೇ ಪುಟ್ಟ ಊರಿನಲ್ಲಿ ಅಷ್ಟೊಂದು ಕೊಲೆಗಳೇ ಎಂಬ ಪ್ರಶ್ನೆಗಂತೂ ಉತ್ತರವೇ ಇಲ್ಲ. 1984ರಿಂದ 1996ರವರೆಗೆ 264 ಕಂತುಗಳಲ್ಲಿ ಪ್ರಸಾರವಾದ ಅಮೆರಿಕದ ಟಿವಿ ಧಾರಾವಾಹಿ ‘ಮರ್ಡರ್, ಶಿ ರೋಟ್’ನ ಕ್ಯಾಬಟ್ ಕೋವ್ ಇದೇ ಕಾರಣಕ್ಕೆ ನಗೆಚಾಟಿಕೆಯ ವಸ್ತುವಾಯಿತು.

ಆದರೆ ಊರು ಬದಲಾಗದೆ ನಿಂತಿದೆ ಎಂಬ ಆರೋಪ ಪೂರ್ತಿ ನಿಜವಲ್ಲ. 1950ರ ‘ಎ ಮರ್ಡರ್ ಈಸ್ ಅನೌನ್ಸ್ಡ್’ ಓದಿದವರಿಗೆ ಇದು ಗೊತ್ತು. ಎರಡನೆಯ ಯುದ್ಧ ಮುಗಿದಿದೆ, ಹಳ್ಳಿಗೆ ಎಲ್ಲೆಲ್ಲಿಂದಲೋ ಜನ ಬಂದು ನೆಲೆಸಿದ್ದಾರೆ. ಪಕ್ಕದ ಮನೆಯವರು ಯಾರೆಂಬುದಕ್ಕೆ ಅವರು ಹೇಳಿಕೊಂಡದ್ದು ಮತ್ತು ಪಡಿತರ ಚೀಟಿ ಇಷ್ಟೇ ಸಾಕ್ಷಿ. ವಂಶಾವಳಿಯೆಲ್ಲ ಬಾಯಿಪಾಠವಿದ್ದ ಅಜ್ಜಿಗೆ ಇದಕ್ಕಿಂತ ದೊಡ್ಡ ಆತಂಕ ಬೇರಿಲ್ಲ. ಕಥೆಯ ಗಂಟು ಇರುವುದೂ ಅಲ್ಲಿಯೇ. ಅದನ್ನು ಇಲ್ಲಿ ಬಿಚ್ಚಿದರೆ ಓದುಗರು ಕ್ಷಮಿಸಲಾರರು.

ಮಾರ್ಪಲ್ ಕಾದಂಬರಿಗಳು ಒಟ್ಟು 12. ಕೊನೆಯದಾದ ‘ಸ್ಲೀಪಿಂಗ್ ಮರ್ಡರ್’ 1976ರಲ್ಲಿ, ಲೇಖಕಿ ತೀರಿಕೊಂಡ ವರ್ಷವೇ ಹೊರಬಂತು. ಈ ಜಾಡು ಮಾತ್ರ ನಿಂತಿಲ್ಲ. ರಿಚರ್ಡ್ ಆಸ್ಮನ್ ಅವರ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ (2020) ನಿವೃತ್ತರ ವಸತಿಯ ನಾಲ್ವರು ವೃದ್ಧರನ್ನು ತನಿಖೆಗೆ ಇಳಿಸಿತು.

ಬೆಂಗಳೂರಿಗೂ ಇದರ ನಂಟು ಬೆಳೆದಿದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಇಂಗ್ಲಿಷ್‌ನಲ್ಲಿ ಬರೆದ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ (2022) ನಡೆಯುವುದು 1921ರ ಬೆಂಗಳೂರಿನಲ್ಲಿ. ವೈದ್ಯನ ಕೈಹಿಡಿದು ನಗರಕ್ಕೆ ಬಂದ ಕಾವೇರಿಗೆ ಗಣಿತವೆಂದರೆ ಪ್ರಾಣ. ಸೆಂಚುರಿ ಕ್ಲಬ್ಬಿನ ಔತಣದ ಗದ್ದಲದಿಂದ ತಪ್ಪಿಸಿಕೊಂಡು ತೋಟಕ್ಕೆ ಹೋದಾಗ ಕತ್ತಲಲ್ಲಿ ಕರೆಯದ ಅತಿಥಿಯೊಬ್ಬ ಅವಳ ಕಣ್ಣಿಗೆ ಬೀಳುತ್ತಾನೆ. ಅರ್ಧ ಗಂಟೆಯೊಳಗೆ ಅಲ್ಲಿ ಕೊಲೆಯಾಗುತ್ತದೆ. ಅಸಹಾಯಕ ಹೆಂಗಸೊಬ್ಬಳ ಮೇಲೆ ಅನುಮಾನ ಬಿದ್ದಾಗ ಕಾವೇರಿ, ಉಟ್ಟ ಸೀರೆಯಲ್ಲೇ, ಕೊಲೆಗಾರನನ್ನು ಹುಡುಕಿ ಹೊರಡುತ್ತಾಳೆ.