ಅಮೆರಿಕದ ಕಂಪೆನಿಗಳ ನಿವೃತ್ತಿನಿಧಿಗಳೂ ಉನ್ನತಾಧಿಕಾರಿಗಳ ಲಾಭಾಪೇಕ್ಷೆಯೂ

ದುಡಿದವನ ಮುಪ್ಪಿಗೆಂದು ಕೂಡಿಟ್ಟ ಹಣವನ್ನು ಕಾಯುವ ಹೊಣೆ ಯಾರದು, ಕಾಯುವವನಿಗೆ ಅದರಲ್ಲಿ ಸ್ವಂತದ ಪಾಲೆಷ್ಟು ಎಂಬ ಪ್ರಶ್ನೆಗಳು ಬೇರೆ ಬೇರೆಯಾಗಿ ತೋರುತ್ತವೆ. ಅಮೆರಿಕದ ಕೈಗಾರಿಕಾ ಇತಿಹಾಸದಲ್ಲಿ ಅವು ಒಂದೇ ಪ್ರಶ್ನೆಯ ಎರಡು ಮುಖಗಳು. ಎರಡನೆಯ ಮಹಾಯುದ್ಧದ ತರುವಾಯ ಆ ದೇಶದ ದೊಡ್ಡ ಕಂಪೆನಿಗಳು ನಿವೃತ್ತಿ ವೇತನದ ವಾಗ್ದಾನವನ್ನು ಧಾರಾಳವಾಗಿ ನೀಡಿದವು. ವಾಗ್ದಾನಕ್ಕೆ ತಕ್ಕ ನಿಧಿಯನ್ನು ಕೂಡಿಡುವಲ್ಲಿ ಆ ಔದಾರ್ಯ ಎಲ್ಲೆಡೆಯೂ ಕಾಣಲಿಲ್ಲ. ೧೯೬೩ರ ಡಿಸೆಂಬರಿನಲ್ಲಿ ಸ್ಟೂಡಿಬೇಕರ್ ಮೋಟಾರು ಕಂಪೆನಿಯು ಇಂಡಿಯಾನಾ ಸಂಸ್ಥಾನದ ಸೌತ್ ಬೆಂಡ್ ಕಾರ್ಖಾನೆಯನ್ನು ಮುಚ್ಚಿದಾಗ, ಹತ್ತು ವರ್ಷ ದುಡಿದೂ ಅರುವತ್ತು ತುಂಬದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಕಾರ್ಮಿಕರಿಗೆ ದೊರೆತುದು ಸಲ್ಲಬೇಕಾದುದರ ಶೇಕಡಾ ೧೫ರಷ್ಟು ಮಾತ್ರ. ಹಲವು ವರ್ಷಗಳ ಚರ್ಚೆಯ ನಂತರ ೧೯೭೪ರ ಸೆಪ್ಟೆಂಬರ್ ೨ರಂದು ಅಧ್ಯಕ್ಷ ಫೋರ್ಡರು ನೌಕರರ ನಿವೃತ್ತಿ ಭದ್ರತೆಯ ಶಾಸನಕ್ಕೆ ಅಂಕಿತ ಹಾಕಿದರು. ನಿಧಿಯನ್ನು ತುಂಬುವುದು ಕಡ್ಡಾಯವಾಯಿತು. ಮುಳುಗಿದ ನಿಧಿಗಳನ್ನು ವಹಿಸಿಕೊಳ್ಳಲು ಸರಕಾರಿ ವಿಮಾ ನಿಗಮವೊಂದು ಹುಟ್ಟಿತು.

ಆದರೆ ಆ ಶಾಸನದಲ್ಲಿಯೇ ಒಂದು ಕಿರುಬಾಗಿಲಿದ್ದಿತು. ಉನ್ನತಾಧಿಕಾರಿಗಳಿಗೆಂದೇ ಏರ್ಪಡಿಸಿದ ಪ್ರತ್ಯೇಕ ಯೋಜನೆಗಳಿಗೆ ಈ ಕಟ್ಟಳೆ ಅನ್ವಯಿಸುತ್ತಿರಲಿಲ್ಲ. ೧೯೮೨ರಲ್ಲಿ ಸರಕಾರವು ಸಾಮಾನ್ಯ ಯೋಜನೆಯಿಂದ ಒಬ್ಬನಿಗೆ ಸಲ್ಲಬಹುದಾದ ವಾರ್ಷಿಕ ಮೊತ್ತದ ಮೇಲ್ಮಿತಿಯನ್ನು ೧,೩೬,೪೨೫ ಡಾಲರಿನಿಂದ ೯೦,೦೦೦ಕ್ಕೆ ಇಳಿಸಿತು; ೧೯೯೩ರಲ್ಲಿ, ಲೆಕ್ಕಕ್ಕೆ ಹಿಡಿಯಬಹುದಾದ ಸಂಬಳವನ್ನೂ ೧,೫೦,೦೦೦ ಡಾಲರಿಗೆ ಮಿತಗೊಳಿಸಿತು. ತೆರಿಗೆಯ ರಿಯಾಯಿತಿ ಉಳ್ಳವರಿಗೇ ಹೆಚ್ಚಾಗಿ ಸಲ್ಲಬಾರದೆಂಬ ಉದ್ದೇಶವೇನೋ ಸಾಧುವಾದುದೇ. ಫಲ ಮಾತ್ರ ಬೇರೆಯಾಯಿತು. ಅಧಿಕಾರಿಗಳು ತಮ್ಮ ಮುಪ್ಪಿನ ಬುತ್ತಿಯನ್ನು ಬೇರೆಯಾಗಿಯೇ ಕಟ್ಟಿಕೊಂಡರು. ಸಾಮಾನ್ಯ ನಿಧಿಯ ಏಳುಬೀಳು ಅವರ ಮನೆಯ ಚಿಂತೆಯಾಗಿ ಉಳಿಯಲಿಲ್ಲ. ಅದೇ ಕಾಲದಲ್ಲಿ ಅವರ ಸಂಭಾವನೆಯು ಲಾಭದ ಅಂಕಿಗೂ ಷೇರಿನ ಬೆಲೆಗೂ ಹೆಚ್ಚು ಹೆಚ್ಚಾಗಿ ಹೊಂದಿಕೊಂಡಿತು. ಹೀಗಿರಲು ನೌಕರರ ನಿಧಿಯು ಕಂಪೆನಿಯ ಆದಾಯದ ಒಂದು ಮೂಲವಾಗಿ ಅವರ ಕಣ್ಣಿಗೆ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಈ ದೃಷ್ಟಿಯ ಅತಿ ಸ್ಫುಟವಾದ ರೂಪ ಕಂಡುಬಂದುದು ಸಾಲಮಾಡಿ ಕಂಪೆನಿಗಳನ್ನೇ ಕೊಂಡವರಲ್ಲಿ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಅರಣ್ಯಗಳ ಒಡೆತನವುಳ್ಳ ಪೆಸಿಫಿಕ್ ಲಂಬರ್ ಎಂಬ ಹಳೆಯ ಮರದ ಕಂಪೆನಿಯು ೧೯೮೫-೮೬ರಲ್ಲಿ ಚಾರ್ಲ್ಸ್ ಹರ್ವಿಟ್ಸರ ಮ್ಯಾಕ್ಸಾಮ್ ಸಂಸ್ಥೆಯ ಕೈಸೇರಿತು. ಕೊಳ್ಳುವ ಹಣ ಬಂದುದು ಬಹುಪಾಲು ಹೆಚ್ಚು ಬಡ್ಡಿಯ, ಹೆಚ್ಚು ಅಪಾಯದ ಸಾಲಪತ್ರಗಳಿಂದ. ಸಾಲವನ್ನು ತೀರಿಸಬೇಕು, ನಿವೃತ್ತಿನಿಧಿಯಲ್ಲಿಯಾದರೋ ಅಗತ್ಯಕ್ಕೆ ಮೀರಿದ ಹಣ. ಹೊಸ ಒಡೆಯರು ಯೋಜನೆಯನ್ನೇ ಮುಕ್ತಾಯಗೊಳಿಸಿ, ಸುಮಾರು ೩ ಕೋಟಿ ೭೦ ಲಕ್ಷ ಡಾಲರು ತೆತ್ತು ಎಕ್ಸಿಕ್ಯೂಟಿವ್ ಲೈಫ್ ಎಂಬ ವಿಮಾ ಕಂಪೆನಿಯಿಂದ ನೌಕರರಿಗೆ ವರ್ಷಾಶನ ಕೊಂಡು, ಮಿಕ್ಕ ೫ ಕೋಟಿಗೂ ಹೆಚ್ಚಿನ ಹಣವನ್ನು ತೆಗೆದುಕೊಂಡರು. ಹೆಚ್ಚುವರಿಯನ್ನು ಹಿಂಪಡೆಯಲು ಅಂದಿನ ಕಾನೂನಿನಲ್ಲಿ ಅವಕಾಶವಿದ್ದಿತು. ಆದರೆ ಸ್ವಾಧೀನಕ್ಕಾಗಿ ಹೊರಟ ಸಾಲಪತ್ರಗಳನ್ನು ಕೊಂಡವರಲ್ಲಿ ಆ ವಿಮಾ ಕಂಪೆನಿಯೂ ಒಂದೆಂಬುದು ಗಮನಾರ್ಹ. ೧೯೯೧ರ ಏಪ್ರಿಲಿನಲ್ಲಿ ಅದು ಕುಸಿದು ಸರಕಾರದ ವಶಕ್ಕೆ ಹೋಯಿತು. ಅದು ಕೊಡುವ ವರ್ಷಾಶನ ಕೆಲಕಾಲ ಶೇಕಡಾ ೭೦ಕ್ಕೆ ಇಳಿಯಿತು. ನಿವೃತ್ತರು ನ್ಯಾಯಾಲಯದ ಮೊರೆಹೊಕ್ಕರು. ಇಂತಹ ಹಿಂತೆಗೆತದ ಮೇಲೆ ೧೯೮೬ರಲ್ಲಿ ಬಂದ ಶೇಕಡಾ ೧೦ರ ವಿಶೇಷ ತೆರಿಗೆಯು ೧೯೯೦ರಲ್ಲಿ ೨೦ಕ್ಕೆ ಅಥವಾ ೫೦ಕ್ಕೆ ಏರಿದ ಮೇಲೆ ಆ ದಾರಿ ಬಹುಮಟ್ಟಿಗೆ ಮುಚ್ಚಿತು.

ಲೆಕ್ಕದ ಪುಸ್ತಕ ಮಾತ್ರ ತೆರೆದೇ ಇದ್ದಿತು. ೧೯೮೫ರ ಲೆಕ್ಕವಿಧಿಯಂತೆ ವರ್ಷದ ಲಾಭಕ್ಕೆ ಸೇರುತ್ತಿದ್ದುದು ನಿಧಿ ನಿಜವಾಗಿ ಗಳಿಸಿದುದಲ್ಲ, ಗಳಿಸಬಹುದೆಂದು ಕಂಪೆನಿಯೇ ಊಹಿಸಿದುದು. ಊಹೆಯನ್ನು ಏರಿಸಿದರೆ ಲಾಭ ಏರುವುದು; ನಿಧಿಗೆ ಒಂದು ಕಾಸೂ ಕೂಡುವುದಿಲ್ಲ. ಬೇರೆ ಕಂಪೆನಿಗಳನ್ನು ಕೊಳ್ಳುವ ಮುನ್ನವೂ, ನಿಗದಿತ ಬೆಲೆಗೆ ಷೇರು ಪಡೆಯುವ ಹಕ್ಕನ್ನು ಅಧಿಕಾರಿಗಳು ಚಲಾಯಿಸುವ ಹೊತ್ತಿಗೂ ಈ ಊಹೆ ಮೇಲೇರುತ್ತಿದ್ದುದನ್ನು ಬರ್ಗ್‌ಸ್ಟ್ರೆಸರ್, ದೇಸಾಯಿ ಮತ್ತು ರೌ ಎಂಬ ವಿದ್ವಾಂಸರು ೨೦೦೬ರಲ್ಲಿ ತೋರಿಸಿಕೊಟ್ಟರು.

ಅದಕ್ಕೆ ಒಂದು ವರ್ಷ ಮೊದಲು, ೨೦೦೫ರ ಮೇ ತಿಂಗಳಲ್ಲಿ, ದಿವಾಳಿಯೆದ್ದಿದ್ದ ಯುನೈಟೆಡ್ ವಿಮಾನ ಕಂಪೆನಿಯು ತನ್ನ ನೌಕರರ ಯೋಜನೆಗಳನ್ನು ಕೈಬಿಡಲು ನ್ಯಾಯಾಲಯ ಒಪ್ಪಿತು. ಕೊರತೆ ೯೮೦ ಕೋಟಿ ಡಾಲರು. ವಿಮಾ ನಿಗಮವು ೬೬೦ ಕೋಟಿಯನ್ನು ಹೊತ್ತುಕೊಂಡಿತು. ಉಳಿದುದು ನೌಕರರ ನಷ್ಟ. ಮುಖ್ಯಾಧಿಕಾರಿ ಗ್ಲೆನ್ ಟಿಲ್ಟನ್ನರು ಹಿಂದಿನ ಉದ್ಯೋಗ ಬಿಟ್ಟುದರಿಂದ ಕಳೆದುಕೊಂಡ ಸೌಲಭ್ಯಗಳಿಗೆ ಪ್ರತಿಯಾಗಿ ಅವರ ಹೆಸರಿನಲ್ಲಿ ಬೇರೆಯಾಗಿ ಇರಿಸಿದ್ದ ೪೫ ಲಕ್ಷ ಡಾಲರು ಸುರಕ್ಷಿತವಾಗಿ ಉಳಿಯಿತು.