ದಾರಿಯ ಗುರುತು ಹೊತ್ತ ಹೆಸರುಗಳು: ಜಪಾನಿ ಭಾಷೆಯ ದೇಶನಾಮ, ನಗರನಾಮಗಳ ಕಲಿಕೆಯ ಕುರಿತು

ಜಪಾನಿ ಭಾಷೆ ಕಲಿಯಲು ತೊಡಗಿದವರಿಗೆ ಕತಕನ ಲಿಪಿಯ ಅಭ್ಯಾಸಕ್ಕೆಂದು ಮೊದಮೊದಲು ಸಿಗುವ ಪಾಠಗಳಲ್ಲಿ ದೇಶಗಳ ಹೆಸರಿನ ಪಟ್ಟಿಯೂ ಒಂದು. ಅಮೆರಿಕ, ಕನದ, ಬುರಜಿರು ಎಂದು ಓದುತ್ತ ಹೋದಂತೆ, ಇಂಗ್ಲಿಷ್ ಹೆಸರುಗಳೇ ಜಪಾನಿ ನಾಲಗೆಯಲ್ಲಿ ಹೀಗಾಗಿವೆ ಎಂಬ ಎಣಿಕೆ ಬೇರೂರುತ್ತದೆ. ಆಮೇಲೆ ಬ್ರಿಟನ್ನಿಗೆ ‘ಇಗಿರಿಸು’, ಜರ್ಮನಿಗೆ ‘ದೊಯಿತ್ಸು’, ನೆದರ್‌ಲೆಂಡ್ಸಿಗೆ ‘ಒರಂದ’, ಟರ್ಕಿಗೆ ‘ತೊರುಕೊ’, ಸ್ವಿಟ್ಜರ್‌ಲೆಂಡಿಗೆ ‘ಸುಯಿಸು’ ಎಂಬ ಹೆಸರುಗಳು ಎದುರಾದಾಗ ಆ ಎಣಿಕೆ ಕೈಕೊಡುತ್ತದೆ. ಇವನ್ನು ಅಪವಾದಗಳೆಂದು ಬಾಯಿಪಾಠ ಮಾಡಿಸಿ ಮುಂದೆ ಸಾಗುವುದು ವಾಡಿಕೆ. ಈ ಲೇಖನ ಆ ವಾಡಿಕೆಯನ್ನು ಒಪ್ಪುವುದಿಲ್ಲ. ಜಪಾನಿ ಭಾಷೆಯಲ್ಲಿ ಹೊರನಾಡಿನ ಪ್ರತಿ ಹೆಸರೂ ತಾನು ಯಾವ ದಾರಿಯಿಂದ, ಯಾರ ಬಾಯಿಂದ ಬಂತು ಎಂಬ ಗುರುತನ್ನು ಉಳಿಸಿಕೊಂಡಿದೆ. ಆ ದಾರಿಗಳನ್ನು ಹಿಡಿದು ಕಲಿತರೆ ಅಪವಾದಗಳೆನ್ನುವವು ಬಹುಪಾಲು ಇಲ್ಲವಾಗುತ್ತವೆ. ಕನ್ನಡಿಗರಿಗಂತೂ ಇಂಗ್ಲಿಷನ್ನು ನಡುವೆ ತಂದುಕೊಳ್ಳದೆ ಈ ಹೆಸರುಗಳನ್ನು ಕಲಿಯಲು ಒಳ್ಳೆಯ ಆಧಾರಗಳಿವೆ.

ಲಿಪ್ಯಂತರದ ಬಗ್ಗೆ ಒಂದು ಮಾತು. ಜಪಾನಿ ತ, ದ ಧ್ವನಿಗಳು ನಮ್ಮ ದಂತ್ಯಗಳಿಗೆ ಹತ್ತಿರವಾದ್ದರಿಂದ ಹಾಗೆಯೇ ಬರೆದಿದ್ದೇನೆ. ಹ್ರಸ್ವ, ದೀರ್ಘಗಳನ್ನು ಜಪಾನಿಯಲ್ಲಿರುವಂತೆ ಇಟ್ಟಿದ್ದೇನೆ. ಟೋಕಿಯೊ, ನಾಗಸಾಕಿಯಂತೆ ಕನ್ನಡದಲ್ಲಿ ರೂಢಿಯಾದವನ್ನು ಸದ್ಯಕ್ಕೆ ಮುಟ್ಟಿಲ್ಲ.

ತೆನ್‌ಜಿಕು, ಶಿನ, ಇಂದೊ

ಅತ್ಯಂತ ಹಳೆಯ ಪದರ ಬೌದ್ಧರದು. ಭಾರತಕ್ಕೆ ಜಪಾನಿಯರು ಶತಮಾನಗಳ ಕಾಲ ಬಳಸಿದ ಹೆಸರು ‘ತೆನ್‌ಜಿಕು’. ಸಿಂಧು ಎಂಬ ನದಿನಾಮ ಇರಾನಿ ಭಾಷೆಗಳ ಮೂಲಕ ಚೀನಕ್ಕೆ ಹೋಗಿ, ಅಲ್ಲಿ ಎರಡು ಅಕ್ಷರಗಳ ರೂಪ ತಾಳಿ, ಸೂತ್ರಗ್ರಂಥಗಳೊಡನೆ ಜಪಾನಿಗೆ ಬಂದದ್ದು ಅದು. 12ನೆಯ ಶತಮಾನದ ಮೊದಲ ಭಾಗದ್ದೆನ್ನಲಾದ ‘ಕೊನ್‌ಜಕು ಮೊನೊಗತರಿಶೂ’ ಎಂಬ ಕಥಾಸಂಗ್ರಹದ 31 ಸಂಪುಟಗಳಲ್ಲಿ ಮೊದಲ ಐದು ತೆನ್‌ಜಿಕುವಿನ ಕಥೆಗಳಿಗೆ, ಮುಂದಿನ ಐದು ಚೀನದ ಕಥೆಗಳಿಗೆ, ಉಳಿದವು ಜಪಾನಿನ ಕಥೆಗಳಿಗೆ ಮೀಸಲು. ಆ ಓದುಗರ ಪಾಲಿಗೆ ಲೋಕವೆಂದರೆ ಈ ಮೂರು ನಾಡುಗಳು. ತೆನ್‌ಜಿಕುವನ್ನು ಕಣ್ಣಾರೆ ಕಂಡವರು ಜಪಾನಿನಲ್ಲಿ ಇರಲಿಲ್ಲವೆನ್ನಬಹುದು. ಅಲ್ಲಿಂದ ಬಂದವರಂತೂ ಇದ್ದರು. 736ರಲ್ಲಿ ಜಪಾನಿಗೆ ಬಂದ ಬೋಧಿಸೇನ ಎಂಬ ಭಾರತೀಯ ಭಿಕ್ಷು 752ರಲ್ಲಿ ನಾರಾದ ತೋದಯಿಜಿ ದೇವಾಲಯದ ಮಹಾಬುದ್ಧನಿಗೆ ನೇತ್ರೋನ್ಮೀಲನ ಮಾಡಿದವನು.

ಈಗ ಬಳಕೆಯಲ್ಲಿರುವ ‘ಇಂದೊ’ ಎಂಬ ಹೆಸರನ್ನು ಇಂಗ್ಲಿಷಿನ ‘ಇಂಡಿಯಾ’ದ ಮೊಟಕು ರೂಪವೆಂದು ತಿಳಿಯುವವರಿದ್ದಾರೆ. ಅದರ ಬೇರು ಇನ್ನೂ ಆಳದಲ್ಲಿದೆ. ಯಾತ್ರಿಕ ಹ್ಯುಎನ್ ತ್ಸಾಂಗ್ 646ರಲ್ಲಿ ಮುಗಿಸಿದ ಪಶ್ಚಿಮ ದೇಶಗಳ ವೃತ್ತಾಂತದಲ್ಲಿ ಈ ನಾಡಿನ ಹಳೆಯ ಹೆಸರುಗಳನ್ನೆಲ್ಲ ಪರಿಶೀಲಿಸಿ, ‘ಇನ್ ದು’ ಎಂಬುದೇ ಸರಿಯಾದ ರೂಪವೆಂದು ತೀರ್ಮಾನಿಸಿ ಅದಕ್ಕೆ ಎರಡು ಅಕ್ಷರಗಳನ್ನು ಗೊತ್ತುಮಾಡಿದ. ಜಪಾನಿಯರು ‘ಇಂದೊ’ ಎಂದು ಓದುವುದು ಆ ಎರಡು ಅಕ್ಷರಗಳನ್ನೇ. ಬಾದಾಮಿಯ ಇಮ್ಮಡಿ ಪುಲಕೇಶಿಯ ಹೆಸರನ್ನು ಚೀನಿ ಅಕ್ಷರಗಳಲ್ಲಿ ಬರೆದು ಅವನ ಶೌರ್ಯವನ್ನು ದಾಖಲಿಸಿದ್ದೂ ಇದೇ ಗ್ರಂಥ. ಕನ್ನಡ ನಾಡಿನ ದೊರೆಯ ಹೆಸರೂ ಭಾರತದ ಜಪಾನಿ ಹೆಸರೂ ಒಂದೇ ಲೇಖನಿಯಿಂದ ಅಕ್ಷರರೂಪ ಪಡೆದವು ಎಂಬುದನ್ನು ನಮ್ಮ ಪಠ್ಯಗಳು ಹೇಳಬೇಕು.

ಚೀನಕ್ಕಿದ್ದ ‘ಶಿನ’ ಎಂಬ ಹೆಸರಿನ ಕಥೆ ನೋವಿನದು. ಮೂಲ ಸಂಸ್ಕೃತದ ‘ಚೀನ’ವೇ, ಬೌದ್ಧ ಅನುವಾದಗಳಲ್ಲಿ ಚೀನಿ ಅಕ್ಷರಗಳಿಗೆ ಇಳಿದು ಜಪಾನಿಗೆ ಬಂತು. ಮೂಲದಲ್ಲಿ ಅದರಲ್ಲಿ ಯಾವ ಕೀಳುಭಾವವೂ ಇರಲಿಲ್ಲ. 19ನೆಯ ಶತಮಾನದ ಕೊನೆಯಿಂದ ನಡೆದ ಯುದ್ಧಗಳ ಕಾಲದಲ್ಲಿ ಅದು ಹೀಯಾಳಿಕೆಯ ಮಾತಾಯಿತು. 1946ರಲ್ಲಿ ಜಪಾನಿನ ವಿದೇಶಾಂಗ ಇಲಾಖೆ ಅದನ್ನು ಬಳಸಬಾರದೆಂದು ಸೂಚಿಸಿತು. ಇಂದಿನ ಹೆಸರು ‘ಚೂಗೊಕು’. ನಾವು ದಿನವೂ ಆಡುವ ‘ಚೀನ’ ಎಂಬ ಮಾತಿನ ಒಡಹುಟ್ಟು ಜಪಾನಿನಲ್ಲಿ ಆಡಬಾರದ ಮಾತಾಗಿದೆ ಎಂಬುದನ್ನು ಕನ್ನಡಿಗ ವಿದ್ಯಾರ್ಥಿ ಮೊದಲ ದಿನವೇ ತಿಳಿದಿರಬೇಕು.

ನಾಗಸಾಕಿಯ ಬಾಗಿಲು

ಯುರೋಪಿನ ಹೆಸರುಗಳು ಬಂದದ್ದು ಹಡಗುಗಳಲ್ಲಿ. ಪೋರ್ಚುಗೀಸರು ತನೆಗಶಿಮ ದ್ವೀಪಕ್ಕೆ ಬಂದದ್ದು 1543ರಲ್ಲಿ. ಫ್ರಾನ್ಸಿಸ್ ಜೇವಿಯರ್ ಕಗೊಶಿಮಕ್ಕೆ ಬಂದದ್ದು 1549ರಲ್ಲಿ. ಜೇವಿಯರ್ ಗೋವಾದಿಂದ ಹೊರಟು ಬಂದವನಾದ್ದರಿಂದ ಆ ಪಾದ್ರಿಗಳನ್ನು ತೆನ್‌ಜಿಕುವಿನವರೆಂದೇ ಜನ ತಿಳಿದರು. ಹಳೆಯ ಭೂಗೋಳ ಹೊಸಬರಿಗೂ ತನ್ನಲ್ಲೇ ಜಾಗ ಮಾಡಿಕೊಟ್ಟಿತ್ತು. ಈ ಪೋರ್ಚುಗೀಸರ ಬಾಯಿಂದ ‘ಇಂಗ್ಲೆಜ್’ ಎಂಬುದು ಇಗಿರಿಸು, ‘ಒಲಾಂದ’ ಎಂಬುದು ಒರಂದ, ‘ತುರ್ಕು’ ಎಂಬುದು ತೊರುಕೊ ಆದವು. ಡಚ್ಚರಿಗೆ ಜಪಾನಿಯರು ಇಂದಿಗೂ ಬಳಸುವ ಹೆಸರು ಅವರ ಕಡುವೈರಿಗಳಾಗಿದ್ದ ಪೋರ್ಚುಗೀಸರದು.

ಪೋರ್ಚುಗೀಸರನ್ನು ಹೊರಗಟ್ಟಿದ ಮೇಲೆ 1641ರಿಂದ ಸುಮಾರು ಎರಡು ಶತಮಾನ ನಾಗಸಾಕಿಯ ದೆಜಿಮ ಎಂಬ ಪುಟ್ಟ ಕೃತಕ ದ್ವೀಪದಲ್ಲಿ ಡಚ್ ಕಂಪನಿಯ ವ್ಯಾಪಾರಿಗಳಷ್ಟೇ ಉಳಿದರು. ದೊಯಿತ್ಸು, ಬೆಲ್ಜಿಯಮ್ಮಿಗಿರುವ ‘ಬೆರುಗೀ’ ಎಂಬ ರೂಪಗಳ ಹಿಂದೆ ಇರುವುದು ಡಚ್ ಮಾತು. ಆ ಕಾಲದಲ್ಲಿ ಯುರೋಪಿನ ವಿದ್ಯೆಗಳಿಗೆಲ್ಲ ಒರಂದದ ‘ರನ್’ ಅಕ್ಷರ ಹಿಡಿದು ‘ರನ್‌ಗಕು’ ಎಂದೇ ಹೆಸರಾಯಿತು. ಒಂದು ದೇಶದ ಹೆಸರು ಇಡೀ ಖಂಡದ ವಿಜ್ಞಾನಕ್ಕೆ ನಿಂತದ್ದು ಹೀಗೆ.

ಹೆಸರುಗಳು ಒಂದೇ ಸಲಕ್ಕೆ ನೆಲೆನಿಂತವೆಂದು ತಿಳಿಯಬಾರದು. 1808ರಲ್ಲಿ ಫೇಟನ್ ಎಂಬ ಬ್ರಿಟಿಷ್ ಯುದ್ಧನೌಕೆ ಡಚ್ ಬಾವುಟ ಹಾರಿಸಿಕೊಂಡು ನಾಗಸಾಕಿ ಬಂದರಿಗೆ ನುಗ್ಗಿದ ಮೇಲೆ, ಡಚ್ ದುಭಾಷಿಗಳು ಇಂಗ್ಲಿಷ್ ಕಲಿಯಬೇಕೆಂದು ಸರ್ಕಾರ ಆಜ್ಞೆ ಮಾಡಿತು. 1814ರಲ್ಲಿ ಸಿದ್ಧವಾದ ಇಂಗ್ಲಿಷ್–ಜಪಾನಿ ನಿಘಂಟಿನ ಹೆಸರಿನಲ್ಲಿರುವುದು ಇಗಿರಿಸು ಅಲ್ಲ, ‘ಅಂಗೆರಿಯ’. ಎರಡು ಹೆಸರುಗಳು ಜೊತೆಜೊತೆಗೆ ಬಾಳಿ, ಹೊಸದೇ ಅಳಿದು ಹಳೆಯದು ಉಳಿಯಿತು.

ಸರಕಿನ ಜೊತೆಗೆ ಬಂದ ಊರುಗಳ ಹೆಸರುಗಳು ನನಗೆ ಇನ್ನೂ ಹೆಚ್ಚು ಬೆಲೆಯುಳ್ಳವಾಗಿ ಕಾಣುತ್ತವೆ. ಜಕಾರ್ತಕ್ಕೆ ಹಿಂದೆ ‘ಜಗತರ’ ಎನ್ನುತ್ತಿದ್ದರು. ಅಲ್ಲಿಂದ ಬಂದ ಗೆಡ್ಡೆ ‘ಜಗತರ ಇಮೊ’, ಇಂದಿನ ‘ಜಗಯಿಮೊ’, ಅಂದರೆ ಆಲೂಗಡ್ಡೆ. ಕಾಂಬೋಡಿಯದ ಹೆಸರು ಸಿಹಿಗುಂಬಳಕ್ಕೆ ‘ಕಬೊಚ’ ಎಂದು ಅಂಟಿಕೊಂಡಿತು. ಕೆಮ್ಮಣ್ಣಿನ ಬಣ್ಣ ‘ಬೆಂಗರ’ದಲ್ಲಿ ಬಂಗಾಳವಿದೆ. ಕೋರಮಂಡಲ ತೀರದಿಂದ ಹೋದ ಗೆರೆಯ ಹತ್ತಿಬಟ್ಟೆಗೆ ‘ಸನ್‌ತೊಮೆ’ ಎಂಬ ಹೆಸರು. ಮೈಲಾಪುರಕ್ಕೆ ಪೋರ್ಚುಗೀಸರು ಇಟ್ಟಿದ್ದ ಸಾವೊ ತೊಮೆ ಎಂಬ ಹೆಸರು ಅದು. ನಮ್ಮ ಪರಂಗಿ ಹಣ್ಣಿನಲ್ಲಿ ಫರಂಗಿಯವರು ಉಳಿದಿರುವ ಬಗೆಯೂ ಇದೇ.

ಕಿವಿಗೊಂದು ಹೆಸರು, ಕಣ್ಣಿಗೊಂದು ಹೆಸರು

ಕಲಿಯುವವರಿಗೆ ನಿಜವಾಗಿ ತೊಡಕಾಗುವುದು ಇಲ್ಲಿ. ಜಪಾನಿನಲ್ಲಿ ಮುಖ್ಯ ದೇಶಗಳಿಗೆ ಎರಡೆರಡು ಹೆಸರು. ಮಾತಿನಲ್ಲಿ ‘ಅಮೆರಿಕ’, ಪತ್ರಿಕೆಯ ತಲೆಬರಹದಲ್ಲಿ ‘ಬೆಯಿ’. ಮಾತಿನಲ್ಲಿ ‘ಇಗಿರಿಸು’, ಬರಹದಲ್ಲಿ ‘ಎಯಿಕೊಕು’. 1602ರಲ್ಲಿ ಮತ್ತೆಯೊ ರಿಚ್ಚಿ ಬೀಜಿಂಗಿನಲ್ಲಿ ಅಚ್ಚು ಹಾಕಿಸಿದ ಲೋಕಪಟ ಜಪಾನಿಗೂ ಬಂದು, ದೇಶಗಳ ಹೆಸರನ್ನು ಕಂಜಿ ಎಂಬ ಚೀನಿ ಮೂಲದ ಅಕ್ಷರಗಳಲ್ಲಿ ಬರೆಯುವ ಪದ್ಧತಿಗೆ ಬಲ ಕೊಟ್ಟಿತು. ಅಕ್ಷರದ ಅರ್ಥ ಬಿಟ್ಟು ಧ್ವನಿಯನ್ನಷ್ಟೇ ಬಳಸುವ ಪದ್ಧತಿಯಿದು. ಅಮೆರಿಕವನ್ನು ನಾಲ್ಕು ಕಂಜಿಗಳಲ್ಲಿ ಬರೆಯುತ್ತಿದ್ದರು. ಮೊದಲ ಅಕ್ಷರ ಏಷ್ಯಾಕ್ಕೂ ಮೊದಲನೆಯದಾದ್ದರಿಂದ ಸಂಕ್ಷೇಪಕ್ಕೆ ಎರಡನೆಯದನ್ನು ಆರಿಸಿಕೊಂಡರು; ಅದು ‘ಅಕ್ಕಿ’ ಎಂಬರ್ಥದ ಅಕ್ಷರ. ಫ್ರಾನ್ಸಿಗೆ ಬಂದದ್ದು ‘ಬುದ್ಧ’ ಎಂಬ ಅಕ್ಷರ, ಜರ್ಮನಿಗೆ ‘ಒಂಟಿ’, ಭಾರತಕ್ಕೆ ‘ಮುದ್ರೆ’. ಜಪಾನ್–ಭಾರತ ಸಂಬಂಧವನ್ನು ‘ನಿಚಿ–ಇನ್’ ಎನ್ನುವಾಗ ಬರೆಯುವುದು ಈ ಮುದ್ರೆಯ ಅಕ್ಷರವನ್ನೇ.

ಅರ್ಥ ಬಿಟ್ಟು ಧ್ವನಿ ಹಿಡಿದರೂ ಅರ್ಥ ಪೂರಾ ಬಿಟ್ಟುಹೋಗುವುದಿಲ್ಲ. ರಷ್ಯಾಕ್ಕೆ ಮೊದಲು ಬಳಸುತ್ತಿದ್ದ ‘ರೊ’ ಅಕ್ಷರಕ್ಕೆ ‘ಮಂದಬುದ್ಧಿ’ ಎಂಬ ಅರ್ಥವಿತ್ತು. ರಷ್ಯನ್ನರು ಆಕ್ಷೇಪಿಸಿದ ಮೇಲೆ ಮೆಯಿಜಿ ಕಾಲದಲ್ಲಿ ಅದೇ ಧ್ವನಿಯ, ‘ಇಬ್ಬನಿ’ ಎಂಬರ್ಥದ ಅಕ್ಷರ ಬಂತು. ಇಂದಿನ ಪತ್ರಿಕೆಗಳು ಕತಕನದ ‘ರೊ’ವನ್ನಷ್ಟೇ ಬರೆಯುವುದುಂಟು.

ನಗರಗಳಿಗೂ ಇಂಥ ಹೆಸರುಗಳಿದ್ದವು. ವಲಸೆ ಹೋದ ಜಪಾನಿಯರು ಸ್ಯಾನ್ ಫ್ರಾನ್ಸಿಸ್ಕೊವನ್ನು ‘ಸೋಕೋ’, ಲಾಸ್ ಏಂಜಲೀಸನ್ನು ‘ರಫು’ ಎಂದರು. 1903ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ‘ರಫು ಶಿಂಪೋ’ ಪತ್ರಿಕೆ ಆ ಹೆಸರನ್ನು ಇನ್ನೂ ಉಳಿಸಿಕೊಂಡಿದೆ. ಆಕ್ಸ್‌ಫರ್ಡನ್ನು ‘ಎತ್ತು’, ‘ಕಡವು’ ಎಂದು ಅರ್ಥದಿಂದ ಬರೆದರು. ಕೇಂಬ್ರಿಜ್ಜಿಗೆ ಮೊದಲರ್ಧ ಧ್ವನಿಯಿಂದ, ಉಳಿದರ್ಧ ‘ಸೇತುವೆ’ ಎಂಬ ಅರ್ಥದಿಂದ. 1946ರ ನವೆಂಬರಿನಲ್ಲಿ 1,850 ಕಂಜಿಗಳ ಪಟ್ಟಿ ಪ್ರಕಟವಾದಾಗ, ಚೀನದ್ದನ್ನು ಬಿಟ್ಟು ಉಳಿದ ಹೊರನಾಡಿನ ಹೆಸರುಗಳನ್ನು ಧ್ವನಿಸೂಚಕ ಕನ ಲಿಪಿಯಲ್ಲೇ ಬರೆಯಬೇಕೆಂಬ ಸೂಚನೆಯೂ ಅದರಲ್ಲಿತ್ತು. ‘ಬೆಯಿಕೊಕು’ವಿನಂಥ ರೂಢಿಯ ಹೆಸರುಗಳಿಗೆ ವಿನಾಯಿತಿ ಸಿಕ್ಕಿತು. ಕಂಜಿಯ ದೇಶನಾಮಗಳಲ್ಲಿ ಒಂದಕ್ಷರದ ಸಂಕ್ಷೇಪಗಳು ಬದುಕುಳಿದು, ನಗರನಾಮಗಳು ಹಳೆಯ ಕಾದಂಬರಿಗಳಿಗೆ ಸರಿದದ್ದಕ್ಕೆ ಈ ಸೂಚನೆ ಒಂದು ದೊಡ್ಡ ಕಾರಣ. ಕತಕನದ ಬಳಕೆಗಾದರೋ ಹಳೆಯ ಪರಂಪರೆಯೇ ಇದೆ: 1708ರಲ್ಲಿ ಜಪಾನಿಗೆ ನುಸುಳಿ ಸೆರೆಸಿಕ್ಕ ಇಟಲಿಯ ಪಾದ್ರಿ ಸಿದೊತ್ತಿಯನ್ನು ವಿಚಾರಿಸಿದ ವಿದ್ವಾಂಸ ಅರಯಿ ಹಕುಸೆಕಿ, ‘ಸೆಯಿಯೋ ಕಿಬುನ್’ ಗ್ರಂಥದಲ್ಲಿ ಪಶ್ಚಿಮದ ಹೆಸರುಗಳನ್ನು ಕತಕನದಲ್ಲಿ ಬರೆದಿದ್ದಾನೆ.

ನೆರೆನಾಡುಗಳು, ಬದಲಾಗುವ ಹೆಸರುಗಳು

ಚೀನ, ಕೊರಿಯಗಳ ಹೆಸರುಗಳನ್ನು ಕಂಜಿಯಲ್ಲೇ ಬರೆಯಬಹುದಾದ್ದರಿಂದ ಅಲ್ಲಿ ಏಳುವ ಪ್ರಶ್ನೆ ಓದುವುದು ಹೇಗೆಂಬುದು. ‘ಪೆಕಿನ್’, ‘ಶನ್‌ಹಯಿ’, ‘ಹೊನ್‌ಕೊನ್’ ಹೊರಗಿನ ಉಚ್ಚಾರವನ್ನು ಹಿಂಬಾಲಿಸುತ್ತವೆ. ಉಳಿದ ಬಹುತೇಕ ಊರುಗಳನ್ನು ಜಪಾನಿ ಓದಿನಂತೆಯೇ ಓದುತ್ತಾರೆ. ಆಗ ಗುವಾಂಗ್‌ಜೋ, ಹಾಂಗ್‌ಜೋ ಎರಡೂ ‘ಕೋಶೂ’ ಆಗಿ ಕಿವಿಗೆ ಒಂದೇ ಊರಾಗಿಬಿಡುತ್ತವೆ.

ಕೊರಿಯದ ವಿಷಯದಲ್ಲಿ ಇದು ಮರ್ಯಾದೆಯ ಪ್ರಶ್ನೆ. 1910ರಿಂದ 1945ರವರೆಗಿನ ಆಳ್ವಿಕೆಯಲ್ಲಿ ಸೋಲ್ ನಗರವನ್ನು ‘ಕೆಯಿಜೋ’ ಎಂದು ಕರೆದಿದ್ದರು. 1975ರಲ್ಲಿ ಜಪಾನಿನಲ್ಲಿ ನೆಲೆಸಿದ್ದ ಕೊರಿಯದ ಪಾದ್ರಿಯೊಬ್ಬರು, ತಮ್ಮ ಹೆಸರನ್ನು ಪ್ರಸಾರದಲ್ಲಿ ಜಪಾನಿ ಉಚ್ಚಾರದಲ್ಲಿ ಓದಿದ್ದಕ್ಕೆ ಒಂದು ಯೆನ್ ಪರಿಹಾರ ಕೇಳಿ ದಾವೆ ಹೂಡಿದರು. 1988ರಲ್ಲಿ ಸರ್ವೋಚ್ಚ ನ್ಯಾಯಾಲಯ ಪರಿಹಾರ ಕೊಡದಿದ್ದರೂ, ಹೆಸರನ್ನು ಸರಿಯಾಗಿ ಕರೆಸಿಕೊಳ್ಳುವ ಹಿತಕ್ಕೆ ಕಾನೂನಿನ ರಕ್ಷಣೆ ಇರಬಹುದೆಂದು ಒಪ್ಪಿತು. ಇಂದು ‘ಸೋರು’, ‘ಪುಸನ್’ ಎಂದು ಕೊರಿಯನ್ ಉಚ್ಚಾರಕ್ಕೆ ಹತ್ತಿರವಾಗಿಯೇ ಹೇಳುತ್ತಾರೆ.

ಸರ್ಕಾರವೇ ಹೆಸರು ಬದಲಿಸಿದ್ದೂ ಇದೆ. ರಷ್ಯನ್ ಮೂಲದ ‘ಗುರುಜಿಯ’ ಆ ದೇಶದ ಕೋರಿಕೆಯಂತೆ 2015ರಲ್ಲಿ ‘ಜೋಜಿಯ’ ಆಯಿತು. 2022ರ ಮಾರ್ಚ್ 31ರಂದು ಉಕ್ರೇನಿನ ರಾಜಧಾನಿ ‘ಕಿಯೆಫು’ ಹೋಗಿ ‘ಕೀಉ’ ಬಂತು. ಐದು ವರ್ಷ ಹಳೆಯದಾದ ಪಠ್ಯಪುಸ್ತಕವೂ ಇಲ್ಲಿ ದಾರಿ ತಪ್ಪಿಸಬಹುದು.

ಕನ್ನಡದ ಕಡೆಯಿಂದ

ಜಪಾನಿ ಪದಗಳು ಸ್ವರದಲ್ಲಿ, ಇಲ್ಲವೇ ‘ನ್’ ಧ್ವನಿಯಲ್ಲಿ ಕೊನೆಗೊಳ್ಳುತ್ತವೆ. ಆದ್ದರಿಂದ ವ್ಯಂಜನದಲ್ಲಿ ಮುಗಿಯುವ ಹೊರಗಿನ ಹೆಸರುಗಳಿಗೆ ಹೆಚ್ಚಾಗಿ ‘ಉ’, ತ, ದ ಧ್ವನಿಗಳ ಬಳಿಕ ‘ಒ’ ಸೇರುತ್ತದೆ. ಇಂಗ್ಲಿಷ್ ಬಲ್ಲವರಿಗೆ ವಿಚಿತ್ರವೆನಿಸುವ ಈ ಕ್ರಮ ನಮ್ಮ ಮನೆಯದೇ: ಬಸ್ಸು, ಕಾರು, ಬೆಡ್ಡು ಎಂದು ನಾವು ಮಾಡಿದ್ದೂ ಅದನ್ನೇ. ಜಪಾನಿಯರು ‘ಬಸು’, ‘ಬೆದ್ದೊ’ ಎನ್ನುತ್ತಾರೆ. ಬೆಂಗಳೂರಿನ ಹೆಸರು ಜಪಾನಿಗೆ ಇಂಗ್ಲಿಷಿನ ದಾರಿಯಲ್ಲಿ ಹೋದಾಗ ‘ಬಂಗರೋರು’ ಆಗಿತ್ತು. 2014ರಲ್ಲಿ ಹೆಸರು ಬದಲಾದ ಮೇಲೆ ‘ಬೆಂಗರೂರು’ ಎಂಬ ರೂಪವೂ ಬಳಕೆಗೆ ಬಂದಿದೆ. ಲ, ಳ, ರ ಮೂರನ್ನೂ ಒಂದೇ ‘ರ’ ಆಗಿಸುವ ಜಪಾನಿಯಲ್ಲಿ ಇದಕ್ಕಿಂತ ಹತ್ತಿರವಾದ ರೂಪ ಸಾಧ್ಯವಿಲ್ಲ. ನಮ್ಮ ರಾಜ್ಯದ ಹೆಸರನ್ನು ‘ಕರುನಾತಕ’ ಎಂದು ‘ನಾ’ ದೀರ್ಘವನ್ನು ಉಳಿಸಿಕೊಂಡೇ ಬರೆಯುತ್ತಾರೆ. ಇಂಗ್ಲಿಷಿನ ಅಕ್ಷರಗಳಲ್ಲಿ ಆ ದೀರ್ಘ ಕಾಣುವುದಿಲ್ಲ. ನಮ್ಮ ಭಾಷೆ ‘ಕನ್ನದ’, ಉತ್ತರ ಅಮೆರಿಕದ ದೇಶ ‘ಕನದ’; ಒತ್ತಿ ನುಡಿಯುವ ಒಂದು ‘ನ್’ ಎರಡನ್ನೂ ಬೇರೆಯಾಗಿಡುತ್ತದೆ. ಒತ್ತಕ್ಷರದ ಬೆಲೆ ಬಲ್ಲ ನಮಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ.

ಭೂಪಟದ ಅನುಕ್ರಮಣಿಕೆಯಲ್ಲಿಯೂ ನಮಗೆ ಪರಿಚಯದ ಹಾದಿಯಿದೆ. ಜಪಾನಿ ಅಕ್ಷರಮಾಲೆಯ ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ ಎಂಬ ಕ್ರಮ ರೂಪುಗೊಂಡದ್ದು ಬೌದ್ಧ ಭಿಕ್ಷುಗಳ ಸಂಸ್ಕೃತಾಭ್ಯಾಸದಿಂದ. ‘ಸ’ ವರ್ಗ ನಮ್ಮ ‘ಚ’ ವರ್ಗದ, ‘ಹ’ ವರ್ಗ ‘ಪ’ ವರ್ಗದ ಸ್ಥಾನದಲ್ಲಿದೆ ಎಂದು ತಿಳಿದರೆ ಸಾಕು, ಯಾವ ದೇಶ ಯಾವ ಪುಟದ ಸುಮಾರಿಗೆ ಸಿಗುತ್ತದೆಂದು ಕನ್ನಡಿಗರು ಊಹಿಸಬಲ್ಲರು.

ಇಷ್ಟು ಅನುಕೂಲವಿದ್ದೂ ನಾವು ಜಪಾನಿನ ಊರುಗಳನ್ನು ಬರೆಯುವುದು ಇಂಗ್ಲಿಷಿನ ಕಾಗುಣಿತ ನೋಡಿ. ‘ಒಸಾಕಾ’ ಎಂದು ಬರೆಯುವಾಗ ಮೊದಲಕ್ಷರದ ದೀರ್ಘ ಹೋಗಿ, ಮೂಲದಲ್ಲಿಲ್ಲದ ಎರಡು ದೀರ್ಘಗಳು ಬಂದಿವೆ. ಹ್ರಸ್ವ, ದೀರ್ಘ ‘ಒ’ಗಳಿಗೆ ಬೇರೆ ಬೇರೆ ಅಕ್ಷರಗಳಿರುವ ಕನ್ನಡದಲ್ಲಿ ಓಸಕ, ತೋಕ್ಯೋ, ಕ್ಯೋತೊ, ಕೋಬೆ, ನಗಸಕಿ, ಹಿರೊಶಿಮ ಎಂದು ಇದ್ದುದನ್ನು ಇದ್ದಂತೆ ಬರೆಯಬಹುದು. ಪತ್ರಿಕೆಗಳ ರೂಢಿಯನ್ನು ತಿದ್ದಬೇಕೆಂದು ನಾನು ಹೇಳುತ್ತಿಲ್ಲ. ಜಪಾನಿ ಕಲಿಸುವ ಕನ್ನಡ ಪುಸ್ತಕಗಳಲ್ಲಾದರೂ ಊರಿನ ಹೆಸರುಗಳು ಹೀಗೆ ಬರಬೇಕು. ಹೊರನಾಡಿನ ಪ್ರತಿ ಹೆಸರಿನ ಮುಂದೆ ಮಾತಿನ ರೂಪ, ತಲೆಬರಹದ ಒಂದಕ್ಷರದ ರೂಪ, ಬಂದ ದಾರಿ ಈ ಮೂರೂ ಇರಬೇಕು. ಇಂಥ ಸ್ಥಳನಾಮಕೋಶವನ್ನು ಸಂಸ್ಕೃತ, ಜಪಾನಿ, ಕನ್ನಡ ಬಲ್ಲವರು ಒಟ್ಟಿಗೆ ಕೂತು ಮಾಡಬೇಕು. ಆರಂಭಕ್ಕೆ ಪತ್ರಿಕೆಗಳಲ್ಲಿ ಮತ್ತೆಮತ್ತೆ ಬರುವ ದೇಶಗಳನ್ನು ಎತ್ತಿಕೊಂಡರೆ ಸಾಕು.