ಕೆನರಾ ಲೋಕಸಭಾ ಕ್ಷೇತ್ರ: ‘ಪಕ್ಷೇತರ’ ಎಂಬ ನಮೂದಿನ ಹಿಂದೆ

ಇಂದು ಉತ್ತರ ಕನ್ನಡ ಎಂದು ಕರೆಯಲಾಗುವ ಲೋಕಸಭಾ ಕ್ಷೇತ್ರವು ಚುನಾವಣಾ ದಾಖಲೆಗಳಲ್ಲಿ ಬಹುಕಾಲ ‘ಕೆನರಾ’ ಎಂಬ ಹೆಸರಿನಲ್ಲೇ ಉಳಿದಿತ್ತು. ‘ಕನ್ನಡ’ ಎಂಬ ನಾಡಿನ ಹೆಸರೇ ಪರದೇಶಿಗರ ನಾಲಗೆಯಲ್ಲಿ ಸವೆದು ಹುಟ್ಟಿದ ಈ ರೂಪ ಮೊದಲು ಕಾರವಾರದಿಂದ ಮಂಗಳೂರಿನಾಚೆಗೂ ಹಬ್ಬಿದ ಇಡೀ ಕರಾವಳಿ ಜಿಲ್ಲೆಗೆ ಸಲ್ಲುತ್ತಿತ್ತು. ಆ ಜಿಲ್ಲೆ ಒಡೆದು ಅದರ ಉತ್ತರ ಭಾಗ 1862ರಲ್ಲಿ ಮದರಾಸಿನ ಆಡಳಿತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೂ ಹೆಸರು ಅಳಿಯಲಿಲ್ಲ. ಹೀಗಾಗಿ ಇಲ್ಲಿಯವರು ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮುಂಬಯಿ ರಾಜ್ಯದ ಮತದಾರರಾಗಿಯೂ, 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ 1957ರಲ್ಲಿ ಮೈಸೂರು ರಾಜ್ಯದ ಮತದಾರರಾಗಿಯೂ ಮತಗಟ್ಟೆಗೆ ಹೋದರು.

ಜಿಲ್ಲೆಯ ವಿಸ್ತೀರ್ಣ 10,291 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 14.37 ಲಕ್ಷ. ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ ಮತ್ತು ಹಳಿಯಾಳ ವಿಧಾನಸಭಾ ಕ್ಷೇತ್ರಗಳ ಜೊತೆಗೆ ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರು ಈ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಕರಾವಳಿಯ ಮೀನುಗಾರರೂ, ಹಾಲಕ್ಕಿ ಒಕ್ಕಲಿಗರೂ, ಘಟ್ಟದ ಮೇಲಿನ ಅಡಿಕೆ ತೋಟಿಗರೂ, ಕಾಡಂಚಿನ ಸಿದ್ದಿಗಳೂ, ಖಾನಾಪುರದ ಮರಾಠಿ ಮಾತಾಡುವ ರೈತರೂ ಒಬ್ಬನೇ ಸಂಸದನನ್ನು ಆರಿಸಬೇಕಾದ ಕ್ಷೇತ್ರವಿದು.

ಮೊದಲ ಮೂರು ಚುನಾವಣೆಗಳಲ್ಲಿ, ಅಂದರೆ 1952, 1957 ಮತ್ತು 1962ರಲ್ಲಿ, ಗೆದ್ದವರು ಕಾಂಗ್ರೆಸ್ಸಿನ ಜೋಕಿಂ ಆಳ್ವ. ಉಡುಪಿ ಸಮೀಪದ ಬೆಳ್ಳೆಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ವಕೀಲರಾಗಿ, ಪತ್ರಕರ್ತರಾಗಿ, ಸ್ವಾತಂತ್ರ್ಯ ಹೋರಾಟಗಾರರಾಗಿ ಹೆಸರಾದ ಅವರೂ ರಾಜ್ಯಸಭೆಗೆ ಬಂದ ಅವರ ಪತ್ನಿ ವಯಲೆಟ್ ಆಳ್ವರೂ 1952ರಲ್ಲಿ ಸಂಸತ್ತಿನ ಮೊದಲ ದಂಪತಿ ಸದಸ್ಯರೆನಿಸಿದರು. ಕ್ಷೇತ್ರ ರಾಜ್ಯದಿಂದ ರಾಜ್ಯಕ್ಕೆ ಹೋದರೂ ಪ್ರತಿನಿಧಿ ಬದಲಾಗಲಿಲ್ಲವೆಂಬುದು ಆ ಕಾಲದಲ್ಲಿ ಕಾಂಗ್ರೆಸ್ಸಿಗಿದ್ದ ಬಲಕ್ಕೆ ಸಾಕ್ಷಿಯಾಗಿದೆ.

1967ರ ಸಾಲಿನಲ್ಲಿ ಗೆದ್ದವರ ಹೆಸರು ದಿನಕರ ದೇಸಾಯಿ ಎಂದೂ, ಅದರ ಎದುರು ‘ಪಕ್ಷೇತರ’ ಎಂದೂ ಇದೆ. ಯಾವ ಪಕ್ಷದ ಚಿಹ್ನೆಯೂ ಇಲ್ಲದೆ ಸ್ಪರ್ಧಿಸಿದವರನ್ನು ಪಕ್ಷೇತರರೆಂದು ನಮೂದಿಸುವುದು ನಿಯಮವಾದ್ದರಿಂದ ದಾಖಲೆ ತಪ್ಪಲ್ಲ. ಆದರೆ ಬೆನ್ನಿಗೆ ಯಾರೂ ಇಲ್ಲದ ಒಂಟಿ ಮನುಷ್ಯನೊಬ್ಬ ಆಕಸ್ಮಿಕವಾಗಿ ಗೆದ್ದನೆಂಬ ಭಾವವನ್ನು ಆ ಶಬ್ದ ಹುಟ್ಟಿಸುವುದಾದರೆ ಅದು ಈ ಜಿಲ್ಲೆಯ ಚರಿತ್ರೆಗೆ ಆಗುವ ಅನ್ಯಾಯವೇ ಸರಿ. 1909ರಲ್ಲಿ ಅಂಕೋಲಾ ತಾಲ್ಲೂಕಿನಲ್ಲಿ ಹುಟ್ಟಿದ ದೇಸಾಯಿಯವರು ಗೋಖಲೆಯವರು ಕಟ್ಟಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಸದಸ್ಯರಾಗಿ ಮುಂಬಯಿಯ ಕಾರ್ಮಿಕರ ನಡುವೆ ದುಡಿದವರು. ತವರು ಜಿಲ್ಲೆಯಲ್ಲಿ ಗೇಣಿದಾರರನ್ನು ರೈತಕೂಟದಲ್ಲಿ ಸಂಘಟಿಸಿದವರು. ಗೇಣಿಯೆಂದರೆ ಬೇರೊಬ್ಬರ ಭೂಮಿಯನ್ನು ಉಳುವವನು ಒಡೆಯನಿಗೆ ವರ್ಷವರ್ಷ ಅಳೆದು ಕೊಡಬೇಕಾದ ಪಾಲು. ಮೂಲಗೇಣಿದಾರನಿಗೆ ಭೂಮಿಯ ಮೇಲೆ ಶಾಶ್ವತ ಹಕ್ಕಿದ್ದರೆ, ಚಾಲಗೇಣಿದಾರನನ್ನು ಒಡೆಯ ಮನಸ್ಸು ಬಂದಾಗ ಬಿಡಿಸಬಹುದಿತ್ತು. ಈ ಚಾಲಗೇಣಿಯ ಒಕ್ಕಲುಗಳ ಪರವಾಗಿ ನಿಂತ ಕಾರಣಕ್ಕೆ ಬ್ರಿಟಿಷ್ ಸರ್ಕಾರ 1940ರಲ್ಲಿ ದೇಸಾಯಿಯವರನ್ನು ಐದು ವರ್ಷ ಜಿಲ್ಲೆಯಿಂದ ಗಡಿಪಾರು ಮಾಡಿತು, ಅಂದರೆ ಹುಟ್ಟೂರಿಗೆ ಕಾಲಿಡುವುದನ್ನೇ ನಿಷೇಧಿಸಿತು.

ಮರಳಿ ಬಂದವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ, ಪ್ರೌಢಶಾಲೆಯ ಮುಖ ಕಾಣದಿದ್ದ ಹಳ್ಳಿಗಳಿಗೆ ಶಾಲೆ ತಂದರು. ‘ಜನಸೇವಕ’ ವಾರಪತ್ರಿಕೆ ನಡೆಸಿದರು. ನಾಲ್ಕು ಸಾಲಿನ ಚುಟುಕಗಳನ್ನು ಬರೆದು ಓದುಬರಹ ಬಾರದವರ ಬಾಯಲ್ಲೂ ನೆಲೆಸಿದರು. 1967ರ ಗೆಲುವು ಇಂಥ ಮೂರು ದಶಕಗಳ ದುಡಿಮೆಯ ಫಲವೆಂದು ತಿಳಿಯುವುದೇ ನ್ಯಾಯ. ಪಕ್ಕದ ಶಿವಮೊಗ್ಗದಿಂದ ಆಯ್ಕೆಯಾದ ಸಮಾಜವಾದಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದ್ದೂ ಅದೇ ಸಭೆಯಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಮತದಾನದ ವಯಸ್ಸು ಆಗ 21 ಆಗಿದ್ದುದರಿಂದ, ದೇಸಾಯಿಯವರಿಗೆ ಮತ ಹಾಕಿದವರಲ್ಲಿ ಅತಿ ಕಿರಿಯರೂ ಈಗ ಎಂಬತ್ತರ ಆಸುಪಾಸಿನವರು. ಗೇಣಿಯ ಕಾಲವನ್ನೂ ಆ ಚುನಾವಣೆಯನ್ನೂ ಒಟ್ಟಿಗೆ ನೆನೆದು ಹೇಳಬಲ್ಲ ಆ ಹಿರಿಯರ ಮಾತನ್ನು ಬರೆದಿಡಲು ಉಳಿದಿರುವ ಕಾಲ ಬಹಳ ಕಡಿಮೆ.

1971ರಲ್ಲಿ ಬಿ.ವಿ. ನಾಯಕ, 1977ರಲ್ಲಿ ಬಿ.ಪಿ. ಕದಂ, 1980ರಿಂದ 1991ರವರೆಗಿನ ನಾಲ್ಕು ಚುನಾವಣೆಗಳಲ್ಲಿ ಜಿ. ದೇವರಾಯ ನಾಯ್ಕ ಗೆದ್ದು, ಕ್ಷೇತ್ರ ಕಾಂಗ್ರೆಸ್ಸಿನಲ್ಲೇ ಉಳಿಯಿತು.

ಈ ಅವಧಿಯಲ್ಲಿ ಗೆಲುವಿನ ಪಟ್ಟಿಗೆ ಬಾರದ ಒಂದು ಹೆಸರನ್ನು ಬಿಟ್ಟು ಕ್ಷೇತ್ರದ ಚರಿತ್ರೆ ಬರೆಯುವಂತಿಲ್ಲ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ತಾಲ್ಲೂಕು ಕೇಂದ್ರವೇ ನೀರಿನಡಿ ಹೋಗಿತ್ತು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲಾದ ಕಡಲಂಚಿನ ಊರುಗಳು ಎದ್ದುಹೋಗಬೇಕಾಗಿತ್ತು. ಅದೇ ಕಾಳಿಯ ದಡದ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಬರುವುದು ನಿಶ್ಚಯವಾದಾಗ ಅದನ್ನು ವಿರೋಧಿಸಿ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ ಈ ಕ್ಷೇತ್ರದಿಂದ ನಿಂತರು. ಹದಿನೆಂಟು ತುಂಬಿದವರು ಮೊದಲ ಬಾರಿಗೆ ಲೋಕಸಭೆಗೆ ಮತ ಹಾಕಿದ ಆ ಚುನಾವಣೆಯಲ್ಲಿ ಕಾರಂತರಿಗೆ 87 ವರ್ಷ. ಅವರು ಸೋತರು, ಸ್ಥಾವರ ಬಂದಿತು. 1994ರಲ್ಲಿ ಕಟ್ಟುತ್ತಿದ್ದ ಘಟಕದ ಗುಮ್ಮಟದ ಒಂದು ಭಾಗ ಕುಸಿದುಬಿದ್ದಾಗ ಅವರು ಎತ್ತಿದ್ದ ಪ್ರಶ್ನೆ ಜಿಲ್ಲೆಯ ಜನಕ್ಕೆ ಮತ್ತೆ ನೆನಪಾಯಿತು.

1996ರಲ್ಲಿ ಭಾರತೀಯ ಜನತಾ ಪಕ್ಷದ ಅನಂತಕುಮಾರ ಹೆಗಡೆಯವರು ಗೆದ್ದಲ್ಲಿಂದ ಕ್ಷೇತ್ರದ ಒಲವು ಬದಲಾಯಿತು. 1999ರಲ್ಲಿ ಜೋಕಿಂ ಆಳ್ವರ ಸೊಸೆ ಮಾರ್ಗರೆಟ್ ಆಳ್ವ ಕಾಂಗ್ರೆಸ್ಸಿಗೆ ಕ್ಷೇತ್ರವನ್ನು ಮರಳಿ ಗಳಿಸಿಕೊಟ್ಟರೂ, 2004ರಿಂದ 2019ರವರೆಗೆ ಹೆಗಡೆಯವರೇ ಸತತವಾಗಿ ಗೆದ್ದರು. 2024ರಲ್ಲಿ ಅದೇ ಪಕ್ಷದ ವಿಶ್ವೇಶ್ವರ ಹೆಗಡೆ ಕಾಗೇರಿಯವರು 3.37 ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಆಯ್ಕೆಯಾದರು. ಪ್ರತಿನಿಧಿ ಯಾರೇ ಆಗಿರಲಿ, ಮಂಜೂರಾಗಿ ದಶಕಗಳೇ ಕಳೆದ ಹುಬ್ಬಳ್ಳಿ-ಅಂಕೋಲಾ ರೈಲುಮಾರ್ಗದಲ್ಲಿ ಇನ್ನೂ ರೈಲು ಓಡಿಲ್ಲ.

ಅಂಕೋಲಾದ ಕೊರಗು ಅಷ್ಟಕ್ಕೇ ಮುಗಿಯುವುದಿಲ್ಲ. ಕ್ಷೇತ್ರ ಪುನರ್ವಿಂಗಡಣೆ, ಅಂದರೆ ಜನಸಂಖ್ಯೆಗೆ ತಕ್ಕಂತೆ ಚುನಾವಣಾ ಗಡಿಗಳನ್ನು ಮತ್ತೆ ಎಳೆಯುವ ಕಾರ್ಯ, 2008ರಲ್ಲಿ ಜಾರಿಗೆ ಬಂದಾಗ ಅಂಕೋಲಾ ವಿಧಾನಸಭಾ ಕ್ಷೇತ್ರ ರದ್ದಾಗಿ ತಾಲ್ಲೂಕು ಕಾರವಾರ ಕ್ಷೇತ್ರದೊಳಗೆ ಸೇರಿತು. ಲೆಕ್ಕದ ಪ್ರಕಾರ ಅದು ಸರಿಯಿರಬಹುದು. ಆದರೂ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿ, ಮುಂದಿನ ವರ್ಷಗಳ ಕರನಿರಾಕರಣೆಯಲ್ಲಿ, ಎಂದರೆ ಭೂಕಂದಾಯ ಕೊಡಲೊಲ್ಲೆವೆಂಬ ಚಳವಳಿಯಲ್ಲಿ, ಸಿದ್ದಾಪುರದೊಡನೆ ಹೊಲಮನೆ ಕಳೆದುಕೊಂಡ ತಾಲ್ಲೂಕಿನ ಹೆಸರು ಚುನಾವಣಾ ನಕ್ಷೆಯಲ್ಲಿ ಇಲ್ಲದಿರುವುದು ಅಲ್ಲಿಯವರಿಗೆ ಸಣ್ಣ ನೋವಲ್ಲ. ಅದೇ ಪುನರ್ವಿಂಗಡಣೆಯಲ್ಲಿ ಲೋಕಸಭಾ ಕ್ಷೇತ್ರವೂ ಕೆನರಾ ಎಂಬ ಹಳೆಯ ಹೆಸರನ್ನು ಬಿಟ್ಟು ಉತ್ತರ ಕನ್ನಡವಾಯಿತು. ಚುನಾವಣಾ ದಾಖಲೆಯಿಂದ ಮರೆಯಾದ ಆ ಹೆಸರು ದಿನಕರ ದೇಸಾಯಿಯವರು ಕಟ್ಟಿದ ಟ್ರಸ್ಟಿನ ಹೆಸರಿನಲ್ಲಿ ಮಾತ್ರ ಹಾಗೆಯೇ ಇದೆ.